ಹಣ್ಣೆಲೆ, ಕೆಂದಳಿರು

ಎಲೆಗಳನ್ನು ನೋಡುವುದಕ್ಕೆಂದೇ ಊರು ಬಿಟ್ಟು ಹೊರಡುವ ಜನ ಲೋಕದಲ್ಲಿದ್ದಾರೆ. ನಾವು ತೀರ್ಥಯಾತ್ರೆಗೆ ಹೊರಡುವಾಗ ಹೇಗೋ ಹಾಗೆ ತಿಂಗಳುಗಟ್ಟಲೆ ಮುಂಚೆಯೇ ದಿನ ಗೊತ್ತುಮಾಡಿ, ತಂಗಲು ಕೊಠಡಿ ಕಾದಿರಿಸಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಅವರು ಹೊರಡುತ್ತಾರೆ. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ಮೊದಲಾದ ರಾಜ್ಯಗಳಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮೇಪಲ್ ಮರಗಳ ಕಾಡು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ತಿರುಗುತ್ತದೆ. ಯಾವ ಕಣಿವೆಯಲ್ಲಿ ಬಣ್ಣ ಎಷ್ಟರಮಟ್ಟಿಗೆ ಏರಿದೆ ಎಂಬ ವರದಿಯನ್ನು ಆ ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳೇ ಪ್ರಕಟಿಸುತ್ತವೆ. ಜಪಾನಿನಲ್ಲಿ ಈ ವಿಹಾರಕ್ಕೆ ‘ಮೋಮಿಜಿಗಾರಿ’ ಎಂಬ ಹೆಸರೇ ಉಂಟು. ಕೆಂಪೆಲೆಯ ಬೇಟೆ ಎಂದು ಅದರ ಅರ್ಥ. ಅಲ್ಲಿ ಬಣ್ಣವು ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಮೊದಲಾಗಿ ದಿನದಿನಕ್ಕೂ ದಕ್ಷಿಣಕ್ಕೆ ಇಳಿಯುತ್ತ ನವೆಂಬರ್ ಉತ್ತರಾರ್ಧಕ್ಕೆ ಕ್ಯೋಟೋ ನಗರವನ್ನು ಮುಟ್ಟುತ್ತದೆ. ನಮ್ಮ ದೇಶದಲ್ಲೇ ಕಾಶ್ಮೀರದ ಚಿನಾರ್ ಮರಗಳು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಂಡದ ಬಣ್ಣಕ್ಕೆ ತಿರುಗುವುದನ್ನು ನೋಡಲು ದಕ್ಷಿಣದಿಂದಲೂ ಜನ ಹೋಗುತ್ತಾರೆ.

ಇಂಥ ಯಾತ್ರೆ ನಮ್ಮಲ್ಲೂ ಸಾಧ್ಯವೆ? ನಂಜನಗೂಡಿನ ಕಪಿಲೆಯ ದಡದಲ್ಲಿ, ತಿರುಮಕೂಡಲು ನರಸೀಪುರದ ಸಂಗಮದಲ್ಲಿ ನಿಂತವನಿಗೆ ಎಲೆಗಳ ಬಣ್ಣ ಕಾಣುತ್ತದೆಯೆ? ಕಾಣುತ್ತದೆ ಎಂದು ಹೇಳುವುದಕ್ಕಾಗಿಯೇ ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ಆದರೆ ಅದನ್ನು ನೋಡಲು ಅಕ್ಟೋಬರಿನಲ್ಲಿ ಹೊರಟವನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಕಾಲ ತಪ್ಪಲು ಕಾರಣ ಒಂದು ಶಬ್ದ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಶಬ್ದದಿಂದ ಆರಂಭಿಸುವ ಚಾಳಿ ಬಿಡುವುದಿಲ್ಲ, ಶ್ರೋತೃಗಳು ಸೈರಿಸಿಕೊಳ್ಳಬೇಕು.

‘ಆಟಮ್’ ಎಂಬ ಇಂಗ್ಲಿಷ್ ಮಾತಿಗೆ ನಮ್ಮ ಪಠ್ಯಪುಸ್ತಕಗಳು ಕೊಡುವ ಅರ್ಥ ‘ಶರತ್ಕಾಲ’. ತಿಂಗಳ ಲೆಕ್ಕದಿಂದ ನೋಡಿದರೆ ಇದು ಹೊಂದುತ್ತದೆ. ಆಶ್ವಯುಜ, ಕಾರ್ತಿಕ ಮಾಸಗಳು ಹೆಚ್ಚುಕಡಮೆ ಅಕ್ಟೋಬರ್, ನವೆಂಬರ್ ತಿಂಗಳುಗಳಿಗೆ ಸರಿಹೋಗುತ್ತವೆ. ಆದರೆ ಅದೇ ಋತುವನ್ನು ಅಮೆರಿಕದವರು ‘ಫಾಲ್’ ಎನ್ನುತ್ತಾರೆ. ಫಾಲ್ ಎಂದರೆ ಉದುರುವುದು, ಎಲೆ ಉದುರುವುದು. ನಮ್ಮ ಶರತ್ತಿನಲ್ಲಿ ಏನು ಉದುರುತ್ತದೆ? ಬೆಳಗಾಗುವಾಗ ಅಂಗಳದಲ್ಲಿ ಪಾರಿಜಾತದ ಹೂ ಉದುರಿರುತ್ತದೆ, ಅಷ್ಟೆ. ಕಾಳಿದಾಸನ ಋತುಸಂಹಾರದಲ್ಲಿ ಶರತ್ತೆಂದರೆ ತಿಳಿಯಾದ ನೀರು, ಬಿಳಿಯ ಕಾಶದ ಹೂ, ಹಂಸ, ಬೆಳದಿಂಗಳು. ಮೈಸೂರು ಸೀಮೆಯಲ್ಲಿ ಅದು ದಸರೆಯ ಕಾಲ. ಆಗ ಹಿಂಗಾರಿನ ಮಳೆ ಬೀಳುತ್ತಿರುತ್ತದೆ. ಕಬಿನಿಯ ನಾಲೆಗಳ ಬಯಲಿನಲ್ಲಿ ಬತ್ತದ ಪೈರು ಹಸಿರಾಗಿ ನಿಂತಿರುತ್ತದೆ. ಮಳೆಯಲ್ಲಿ ಮಿಂದ ಮರಕ್ಕೆ ಎಲೆ ಕಳಚುವ ಅಗತ್ಯವೇನು?

ಇಂಗ್ಲಿಷ್ ಕಾವ್ಯದಲ್ಲೂ ಆಟಮ್ ಎಂಬುದಕ್ಕೆ ಒಂದೇ ಮುಖವಿಲ್ಲ. ಕೀಟ್ಸ್ ಕವಿ 1819ರ ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನಲ್ಲಿದ್ದಾಗ ಆ ಋತುವನ್ನು ಕುರಿತು ಬರೆದ ಪ್ರಗಾಥವನ್ನು ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಓದಿದ್ದೇವೆ. ಅದರಲ್ಲಿ ತುಂಬಿ ಬಾಗಿದ ಹಣ್ಣುಗಳಿವೆ, ಕೊಯ್ಲಾದ ಹೊಲವಿದೆ. ಬಣ್ಣಗೊಂಡ ಎಲೆಯ ಸುದ್ದಿಯೇ ಇಲ್ಲ. ಅದನ್ನು ಕನ್ನಡಕ್ಕೆ ತರುವವರು ನಮ್ಮ ‘ಸುಗ್ಗಿ’ ಎಂಬ ಮಾತನ್ನು ಬಳಸಿದರೂ ಸಲ್ಲುತ್ತದೆ. ಅದೇ ವರ್ಷ ಷೆಲ್ಲಿ ಕವಿ ಪಡುವಣ ಗಾಳಿಯನ್ನು ಕುರಿತು ಬರೆದ ಪದ್ಯದಲ್ಲಿ ಮಾತ್ರ ಹಳದಿ, ಕಪ್ಪು, ಕೆಂಪು ಎಲೆಗಳು ಗಾಳಿಗೆ ಸಿಕ್ಕಿ ಹಾರುತ್ತವೆ. ಆ ಪದ್ಯ ಮುಗಿಯುವುದು ಇನ್ನೂ ಬಾರದ ವಸಂತದ ನೆನಪಿನಲ್ಲಿ. ಉದುರಿದ ಎಲೆಗೂ ಮುಂದೆ ಬರುವ ಚಿಗುರಿಗೂ ನಡುವೆ ಅವನ ನಾಡಿನಲ್ಲಿ ದೀರ್ಘವಾದ ಒಂದು ಚಳಿಗಾಲವಿದೆ. ಈ ಅಂತರವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ನಮಗೂ ಅವರಿಗೂ ಇರುವ ಭೇದವೆಲ್ಲ ಅದರಲ್ಲಿದೆ.

ನಮ್ಮಲ್ಲಿ ಎಲೆ ಉದುರುವ ಋತುವಿಗೆ ಬೇರೆಯೇ ಹೆಸರಿದೆ: ಶಿಶಿರ. ಮಾಘ, ಫಾಲ್ಗುಣ ಮಾಸಗಳು ಅದರ ಕಾಲ. ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಎಂದುಕೊಳ್ಳೋಣ. ಅದು ಮುಗಿಯುವ ಮುನ್ನವೇ ವಸಂತ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಈ ಎರಡು ಋತುಗಳ ಸಂಧಿಯಲ್ಲಿ ಕಾಣುವುದನ್ನು ಹೇಳಲು ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ. ಉದುರುವುದಕ್ಕೆ ಸಿದ್ಧವಾದ ಹಳದಿ ಎಲೆ ‘ಹಣ್ಣೆಲೆ’. ಬಿದ್ದು ಒಣಗಿದ್ದು ‘ತರಗೆಲೆ’. ಹೊಸದಾಗಿ ಹುಟ್ಟಿದ್ದು ‘ಚಿಗುರು’, ‘ತಳಿರು’. ಆ ತಳಿರು ಕೆಂಪಾಗಿದ್ದರೆ ‘ಕೆಂದಳಿರು’. ಮುದಿಯಾದ ಎಲೆಯನ್ನು ಬಾಡಿತು, ಸತ್ತಿತು ಎನ್ನದೆ ಹಣ್ಣಾಯಿತು ಎಂದ ಜನ ನಮ್ಮವರು. ತೊಟ್ಟು ಕಳಚುವುದು ಅವರ ಕಣ್ಣಿಗೆ ಮಾಗುವಿಕೆಯ ಕೊನೆಯಾಗಿ ಕಂಡಿತು.

‘ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಮುದುಕರನ್ನು ಕಂಡು ನಗುವ ಎಳೆಯರಿಗೆ ಹೇಳುವ ಬುದ್ಧಿಮಾತೆಂದು ಅದನ್ನು ಬಳಸುತ್ತೇವೆ. ಆದರೆ ಈ ಗಾದೆ ಹುಟ್ಟಬೇಕಾದರೆ ಹಣ್ಣೆಲೆಯೂ ಚಿಗುರೆಲೆಯೂ ಒಂದೇ ಮರದಲ್ಲಿ, ಒಂದೇ ಹೊತ್ತಿನಲ್ಲಿ ಕಣ್ಣಿಗೆ ಬೀಳಬೇಕು. ನ್ಯೂ ಇಂಗ್ಲೆಂಡಿನ ಮೇಪಲ್ ಮರದಲ್ಲಿ ಇದು ಆಗದ ಮಾತು. ಅಲ್ಲಿ ಅಕ್ಟೋಬರಿನಲ್ಲಿ ಉದುರಿದ ಎಲೆ ಆ ಕೊಂಬೆಯಲ್ಲಿ ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಹುಟ್ಟುವ ಚಿಗುರನ್ನು ನೋಡುವುದೇ ಇಲ್ಲ. ನಡುವೆ ಆರು ತಿಂಗಳ ಹಿಮ ಮತ್ತು ಮೌನ. ನಮ್ಮ ಅರಳಿಯ ಮರದಲ್ಲಿ ಈ ಅಂತರ ಕೆಲವು ದಿನಗಳದು. ಹೊಂಗೆಯಲ್ಲಿ ಒಂದು ಕೊಂಬೆ ಉದುರಿಸುತ್ತಿರುವಾಗ ಇನ್ನೊಂದು ಆಗಲೇ ಚಿಗುರಿರುವುದುಂಟು. ಉತ್ತರದ ದೇಶಗಳ ಎಲೆಯಾತ್ರೆ ಬೀಳ್ಕೊಡುಗೆಯ ಯಾತ್ರೆ. ನಮ್ಮದು ಬೀಳ್ಕೊಡುಗೆ, ಸ್ವಾಗತ ಎರಡನ್ನೂ ಒಟ್ಟಿಗೆ ನೋಡುವ ಯಾತ್ರೆ.

ಹಳಗನ್ನಡದ ಕವಿಗಳು ಈ ಸಂಧಿಯನ್ನು ಚೆನ್ನಾಗಿ ಬಲ್ಲರು. ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯ ಕಥೆ ತೊಡಗುವುದೇ ವಸಂತದಲ್ಲಿ ನಡೆಯುವ ಮಾರಿಯ ಜಾತ್ರೆಯಿಂದ. ಬಲಿ ನಡೆಯಲಿರುವ ಆ ಬನದಲ್ಲಿ ಮುತ್ತುಗದ ಕೆಂಪು ಮೊಗ್ಗುಗಳು ಉದುರಿ ಬಿದ್ದಿವೆ. ವಸಂತನು ಶಿಶಿರನನ್ನು ಹಿಡಿದು ಹರಕೆಗೆಂದು ಕೊಚ್ಚಿಹಾಕಿದ ಮಾಂಸದ ತುಣುಕುಗಳಂತೆ ಅವು ಕವಿಗೆ ಕಾಣುತ್ತವೆ. ಭಯಂಕರವಾದ ಚಿತ್ರ, ನಿಜ. ಮುಂದೆ ಬರುವ ಹಿಂಸೆಯ ಕಥೆಗೆ ಅದು ಮುನ್ನುಡಿ. ಆದರೆ ಅಲಂಕಾರದ ಮಾತು ಅತ್ತ ಇರಲಿ. ಶಿಶಿರ ಹೋಗಿ ವಸಂತ ಬರುವ ಆ ವಾರದಲ್ಲಿ ಮುತ್ತುಗದ ಬುಡದ ನೆಲ ಯಾವ ಬಣ್ಣಕ್ಕಿರುತ್ತದೆ ಎಂಬುದನ್ನು ಜನ್ನ ಕಣ್ಣಾರೆ ನೋಡಿರಬೇಕು ಎನ್ನಿಸುತ್ತದೆ. ಮನೆಯೊಳಗೆ ಕುಳಿತವನಿಗೆ ಹೊಳೆಯುವ ಹೋಲಿಕೆ ಅದಲ್ಲ.

ಇನ್ನು ಈ ಬಣ್ಣದ ಕಾರಣವನ್ನು ಸ್ವಲ್ಪ ನೋಡೋಣ. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು, ಎಂದರೆ ಕ್ಲೋರೋಫಿಲ್. ಚಳಿಯ ದೇಶಗಳಲ್ಲಿ ಹಗಲು ಕಿರಿದಾಗುತ್ತ ಬಂದಾಗ ಮರವು ಎಲೆಯಲ್ಲಿರುವ ಸಾರವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಪತ್ರಹರಿತ್ತು ಒಡೆದು ಕರಗುತ್ತದೆ. ಹಸಿರಿನ ಮರೆಯಲ್ಲಿ ಮೊದಲೇ ಇದ್ದ ಹಳದಿ ವರ್ಣದ್ರವ್ಯಗಳು ಆಗ ಹೊರಗೆ ಕಾಣುತ್ತವೆ. ಕೆಂಪಿನ ಕಥೆ ಬೇರೆ. ಅದು ಆಂಥೋಸಯನಿನ್ ಎಂಬ ವಸ್ತು. ಕೊನೆಯ ದಿನಗಳಲ್ಲಿ ಎಲೆಯು ಹೊಸದಾಗಿ ತಯಾರಿಸಿಕೊಳ್ಳುವಂಥದು. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮಗಟ್ಟದ ಚಳಿ ಇದ್ದ ವರ್ಷ ಕೆಂಪು ಹೆಚ್ಚು ಉಜ್ಜ್ವಲವಾಗುತ್ತದೆ.

ನಮ್ಮ ಕುರುಚಲು ಕಾಡುಗಳಲ್ಲಿ ಮರ ಎಲೆ ಕಳಚುವುದು ಮುಖ್ಯವಾಗಿ ನೀರಿನ ಅಭಾವದಿಂದ. ಮಳೆ ನಿಂತು ಎರಡು ಮೂರು ತಿಂಗಳಾಗಿ ನೆಲ ಒಣಗಿದಾಗ, ನೀರನ್ನು ಆವಿಯಾಗಿಸುವ ಎಲೆಗಳು ಮರಕ್ಕೆ ಭಾರ. ಹಳದಿ, ಕಂದು ಬಣ್ಣಗಳು ಆಗ ಬರುತ್ತವೆ. ಆದರೆ ಆಂಥೋಸಯನಿನ್ನಿನ ಕೆಂಪು ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎಳೆಯ ಚಿಗುರಿನಲ್ಲಿ. ಅದು ಎಳೆ ಎಲೆಯನ್ನು ಬಿರುಬಿಸಿಲಿನಿಂದ ಕಾಪಾಡುತ್ತದೆಂದೂ ಕೀಟಗಳನ್ನು ದೂರವಿಡುತ್ತದೆಂದೂ ವಿಜ್ಞಾನಿಗಳು ಹೇಳುತ್ತಾರೆ. ಅವರ ದೇಶದಲ್ಲಿ ಎಲೆ ಕೆಂಪಾಗುವುದು ಹೋಗುವಾಗ, ನಮ್ಮಲ್ಲಿ ಬರುವಾಗ.

ಇಲ್ಲಿ ಒಂದು ಆಶ್ಚರ್ಯವಿದೆ. ನೀರಿಲ್ಲವೆಂದು ಎಲೆ ಕಳಚಿದ ಮರ ಮಳೆ ಬರುವವರೆಗೆ ಕಾಯಬೇಕಷ್ಟೆ? ಕಾಯುವುದಿಲ್ಲ. ಬೇಸಗೆಯ ಉರಿ ಏರುತ್ತಿರುವಾಗ, ಮುಂಗಾರಿಗೆ ಎರಡು ಮೂರು ತಿಂಗಳಿರುವಾಗಲೇ ಚಿಗುರುತ್ತದೆ. ಬಂಡೀಪುರದ ನೆರೆಯ ಮುದುಮಲೆಯ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಎಂಬ ವಿಜ್ಞಾನಿಗಳು ಇದನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಮಳೆಯೊಡನೆ ಎಲೆತಿನ್ನುವ ಕೀಟಗಳೂ ಹೆಚ್ಚುತ್ತವೆ. ಅದಕ್ಕೆ ಮುಂಚೆಯೇ ಚಿಗುರಿದ ಮರಗಳ ಎಲೆಗಳಿಗೆ ಹಾನಿ ಕಡಮೆ, ತಡವಾಗಿ ಚಿಗುರಿದವಕ್ಕೆ ಹೆಚ್ಚು ಎಂದು ಅವರು ಕಂಡರು. ಹುಳು ಏಳುವ ಮುನ್ನ ಎಲೆ ಬಲಿತಿರಲಿ ಎಂಬ ಲೆಕ್ಕ ಮರದ್ದು. ಯುಗಾದಿಯ ಹೊತ್ತಿಗೆ ಬೇವು ಹೊಸ ಎಲೆ ತೊಟ್ಟು ನಿಂತಿರುವುದರ ಹಿಂದೆ ಇಷ್ಟು ಜಾಣತನವಿದೆ.

ಈಗ ಯಾತ್ರೆಯ ಮಾತಿಗೆ ಬರೋಣ. ಮೊದಲ ಪ್ರಶ್ನೆ, ದಿನ ಗೊತ್ತುಮಾಡುವುದು ಹೇಗೆ? ಪಂಚಾಂಗವನ್ನು ನಂಬಿದರೆ ಸ್ವಲ್ಪ ತೊಡಕುಂಟು. ನಮ್ಮ ಯುಗಾದಿ ಚಾಂದ್ರಮಾನದ ಹಬ್ಬ. 2024ರಲ್ಲಿ ಅದು ಏಪ್ರಿಲ್ 9ಕ್ಕೆ ಬಂತು; 2026ರಲ್ಲಿ ಮಾರ್ಚ್ 19ಕ್ಕೆ. ಮೂರು ವಾರಗಳ ವ್ಯತ್ಯಾಸ. ಮರ ಅಧಿಕಮಾಸವನ್ನು ಎಣಿಸುವುದಿಲ್ಲ. ಅದು ಸೂರ್ಯನನ್ನೂ ನೆಲದ ತೇವವನ್ನೂ ನೋಡಿಕೊಂಡು ನಡೆಯುತ್ತದೆ. ಆದ್ದರಿಂದ ತಿಥಿಗಿಂತ ತಾರೀಖನ್ನು ಹಿಡಿಯುವುದು ಮೇಲು. ಎರಡನೆಯ ಸೂತ್ರ: ಒಣನೆಲದಲ್ಲಿ ಎಲೆ ಬೇಗ ಉದುರುತ್ತದೆ, ಹೊಳೆಯ ದಂಡೆಯಲ್ಲಿ ತಡವಾಗುತ್ತದೆ. ಹಿಂಗಾರು ಚೆನ್ನಾಗಿ ಸುರಿದ ವರ್ಷ ಎಲ್ಲವೂ ತುಸು ಮುಂದಕ್ಕೆ ಹೋಗುತ್ತದೆ. ಹೀಗಾಗಿ ಕಾಡಂಚಿನಿಂದ ಆರಂಭಿಸಿ ನದಿಯ ಕಡೆಗೆ ಬರಬೇಕು. ಒಂದೇ ದೊಡ್ಡ ಪ್ರವಾಸದ ಬದಲು ಮೂರು ಸಣ್ಣ ಪ್ರವಾಸಗಳನ್ನು ನಾನು ಹೇಳುತ್ತೇನೆ. ಪ್ರತಿಯೊಂದೂ ಒಂದು ಹಗಲಿನದು. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದು.

ಮೊದಲನೆಯದು ಜನವರಿ ಕೊನೆ ಅಥವಾ ಫೆಬ್ರವರಿ ಮೊದಲಿಗೆ, ನಂಜನಗೂಡಿನಿಂದ ತೆಂಕಣಕ್ಕೆ. ಹುಲ್ಲಹಳ್ಳಿಯ ಮೇಲೆ ಹೆಡಿಯಾಲದತ್ತ ಹೋದರೆ ತಾಲ್ಲೂಕಿನ ಎಲ್ಲೆಯಲ್ಲೇ ಬಂಡೀಪುರದ ಕಾಡಿನ ಅಂಚು ಸಿಕ್ಕುತ್ತದೆ. ಹೆದ್ದಾರಿಯನ್ನೇ ಹಿಡಿದರೆ ಬೇಗೂರು, ಗುಂಡ್ಲುಪೇಟೆಗಳನ್ನು ದಾಟಿ, ಮೈಸೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಬಂಡೀಪುರ. ಇಲ್ಲಿ ದಿಂಡಿಗದ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗುತ್ತವೆ. ತೇಗ ತನ್ನ ಮೊರದಗಲದ ಎಲೆಗಳನ್ನು ಒಂದೊಂದಾಗಿ ಸದ್ದುಮಾಡಿ ಕೆಡವುತ್ತದೆ. ಉತ್ತರದೇಶದ ಫಾಲ್ ಋತುವಿಗೆ ತೀರ ಹತ್ತಿರವಾದ ನೋಟ ನಮ್ಮಲ್ಲಿ ಇದೇ. ಕಾಡಿಗೆ ಹೋಗಲಾರದವರು ಪಟ್ಟಣದಲ್ಲೇ ಬಾದಾಮಿ ಮರವನ್ನು ನೋಡಬಹುದು. ಶಾಲೆಯ ಅಂಗಳ, ಬಸ್ ನಿಲ್ದಾಣಗಳ ಬಳಿ ನೆರಳಿಗೆಂದು ನೆಟ್ಟ ಈ ಮರ ಉದುರುವ ಮುನ್ನ ಎಲೆಯನ್ನು ಅಪ್ಪಟ ಕೆಂಪಾಗಿಸುವ ಅಪರೂಪದ ಮರ. ಮೇಪಲ್ ಮರದ ದೂರದ ನೆಂಟ ಎಂದು ಬೇಕಾದರೆ ತಮಾಷೆಗೆ ಕರೆಯಬಹುದು.

ಎರಡನೆಯದು ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಇದು ಬೋಳುಮರಗಳಲ್ಲಿ ಹೂ ನೋಡುವ ಕಾಲ. ಬೂರುಗ ಒಂದೂ ಎಲೆಯಿಲ್ಲದೆ ದೊಡ್ಡ ಕೆಂಪು ಹೂಗಳನ್ನು ಹೊತ್ತಿರುತ್ತದೆ. ಹೊಲದ ಬದುಗಳಲ್ಲಿ ಮುತ್ತುಗ ಉರಿಯುತ್ತಿರುತ್ತದೆ. ಜನ್ನನನ್ನು ಓದಿದವರು ಅದರ ಬುಡದ ನೆಲವನ್ನೂ ನೋಡಬೇಕು. ಕಾಡಂಚಿನಲ್ಲಿ ಸಾಗಡೆಯ ಮರ ಸಿಕ್ಕಿದರೆ ಅದೃಷ್ಟ. ದೂರಕ್ಕೆ ಇಡೀ ಮರ ಹೂಬಿಟ್ಟಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಹೂವಲ್ಲ, ಕೆಂದಳಿರು. ಹಳೆಯ ಸಾಲುಮರಗಳಲ್ಲಿ ಉಳಿದ ಹಿಪ್ಪೆಯ ಚಿಗುರೂ ತಾಮ್ರವರ್ಣದ್ದು. ಮಾವಿನ ತೋಪುಗಳಲ್ಲಿ ಎಳೆಯ ಎಲೆ ಕೆನ್ನೇರಳೆಯಾಗಿ ಜೋತುಬಿದ್ದಿರುತ್ತದೆ.

ಮೂರನೆಯದು ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಇದು ನದಿಯ ಯಾತ್ರೆ. ನಂಜನಗೂಡಿನ ದೊಡ್ಡ ಜಾತ್ರೆ ಬರುವುದು ಸಾಮಾನ್ಯವಾಗಿ ಈ ದಿನಗಳಲ್ಲೇ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳನ್ನು ನೋಡಲು ಲಕ್ಷಾಂತರ ಜನ ಸೇರುತ್ತಾರೆ. ತೇರು ನೋಡಿದ ಮೇಲೆ ಹದಿನಾರು ಕಾಲು ಮಂಟಪದ ಕಡೆಗೆ ಇಳಿದು, ದಂಡೆಯ ಅರಳಿಯ ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿ. ಅರಳಿಯ ಚಿಗುರನ್ನು ಬೆಳಕಿಗೆ ಎದುರಾಗಿ ನೋಡಬೇಕು. ಬೆಳಗಿನ ಏಳು ಗಂಟೆಯ ಬಿಸಿಲು ಅದರೊಳಗೆ ಹಾದು ಬರುವಾಗ ಎಲೆಯ ನರನರವೂ ಕಾಣುವ ನಸುಗೆಂಪು. ಕೆಲವೇ ದಿನಗಳಲ್ಲಿ ಅದು ಎಳೆಹಸಿರಾಗಿಬಿಡುತ್ತದೆ. ಅಲ್ಲಿಂದ ಸುತ್ತೂರಿನ ಮೇಲೆ ಕಪಿಲೆಯ ಜೊತೆಜೊತೆಗೇ ನರಸೀಪುರಕ್ಕೆ ಹೋಗಿ. ದಂಡೆಯುದ್ದಕ್ಕೂ ಹೊಳೆಮತ್ತಿ ಇದೆ, ಬದುಗಳಲ್ಲಿ ಹೊಂಗೆ ಇದೆ. ಹೊಂಗೆಯ ಹೊಸ ಹಸಿರು ಎಣ್ಣೆ ಸವರಿದಂತೆ ಹೊಳೆಯುವಂಥದು. ಹಸಿರೂ ಒಂದು ಬಣ್ಣವೆಂಬುದು ಅದನ್ನು ನೋಡಿದಾಗ ಮನಸ್ಸಿಗೆ ಬರುತ್ತದೆ. ಸಂಗಮದಲ್ಲಿ ಕಾಲು ತೊಳೆದು, ಹೊತ್ತಿದ್ದರೆ ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಬಹುದು. ಹದಿಮೂರನೆಯ ಶತಮಾನದ ಆ ಹೊಯ್ಸಳ ದೇಗುಲದ ಗೋಡೆಯ ಕಲ್ಲಿನ ಬಳ್ಳಿಗಳು ಯಾವ ಋತುವಿನಲ್ಲೂ ಉದುರುವುದಿಲ್ಲ.

ಇಂಥ ದಿನಗಳನ್ನು ನಮ್ಮ ಹಿರಿಯರು ಬರೆದಿಡಲಿಲ್ಲ, ಆದರೆ ಬಲ್ಲರು. ನರಸೀಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮನೆಯ ಮುಂದೆ ಅರಳಿಕಟ್ಟೆಯಿತ್ತು. ನನ್ನ ತಾಯಿ ಅದರ ಎಲೆಗಳನ್ನು ಬೆಳಗಿನಲ್ಲಿ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದರು. ಅವರ ಪಾಲಿಗೆ ಆ ಮರವೇ ಪಂಚಾಂಗ. ಎಲೆ ಎರಡು ಮಂಕರಿ ಆಗತೊಡಗಿದರೆ ಹುಣಸೆಹಣ್ಣು ಕುಟ್ಟಿ ಮಡಕೆಗೆ ತುಂಬಬೇಕು. ಮರ ಬೋಳಾಯಿತೆಂದರೆ ಉಪ್ಪಿನಕಾಯಿಗೆ ಮಾವಿನ ಮಿಡಿ ವಿಚಾರಿಸಬೇಕು. ಚಿಗುರು ಹಸಿರಿಗೆ ತಿರುಗಿದಾಗ ಹಪ್ಪಳ ಸಂಡಿಗೆಯ ಕಾಲ. ಅವರಿಗೆ ಓದು ಬಾರದು. ಕೆಂದಳಿರು ಎಂಬ ಮಾತನ್ನು ಕಾವ್ಯದಲ್ಲಿ ಕಂಡವರಲ್ಲ. ‘ಅರಳಿ ಕೆಂಪಗಾಯಿತು ಕಣೋ’ ಎಂದು ಒಂದು ಮಾತು ಹೇಳಿ ಕೆಲಸಕ್ಕೆ ಹೋಗುತ್ತಿದ್ದರು. ಆ ತಿಳಿವು ಅವರೊಂದಿಗೆ ಹೋಯಿತೆಂದೇ ಹೇಳಬೇಕು. ಇಂದು ನಮ್ಮ ಮನೆಗಳಲ್ಲಿ ಅರಳಿ ಯಾವ ವಾರ ಚಿಗುರಿತು ಎಂದು ಕೇಳಿದರೆ ಉತ್ತರ ಹೇಳುವವರು ಎಷ್ಟು ಮಂದಿ?

ನನ್ನ ಮಗಳ ಸಂಸಾರ ಬಾಸ್ಟನ್ ನಗರದ ಸಮೀಪದಲ್ಲಿದೆ. ಕೆಲವು ವರ್ಷಗಳ ಹಿಂದೆ ಒಂದು ಅಕ್ಟೋಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ಅಲ್ಲಿದ್ದಾಗ ನ್ಯೂ ಹ್ಯಾಂಪ್‌ಷೈರಿನ ಕ್ಯಾಂಕಮಾಗಸ್ ಹೆದ್ದಾರಿಗೆ ಕರೆದೊಯ್ದರು. ಸುಮಾರು 34 ಮೈಲಿ ಉದ್ದದ ಆ ಬೆಟ್ಟದ ದಾರಿಯ ಎರಡು ಬದಿಯಲ್ಲೂ ಬಣ್ಣದ ಕಾಡು. ಅದರ ಚೆಲುವನ್ನು ಕಡಮೆ ಮಾಡಿ ಹೇಳಿದರೆ ನಾಲಗೆಗೆ ದೋಷ. ಅಂದು ಮೊಮ್ಮಗ ಕೇಳಿದ: ‘ತಾತ, ನಿಮ್ಮೂರಲ್ಲಿ ಫಾಲ್ ಯಾವಾಗ?’ ಮಾಘಮಾಸದಲ್ಲಿ ಎಂದು ಹೇಳಿ, ಇಂಗ್ಲಿಷ್ ತಿಂಗಳನ್ನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ನಾನು ಯಾವತ್ತೂ ನೋಡೇ ಇಲ್ಲ’ ಎಂದ.

ಹುಡುಗನ ಮಾತು ನಿಜ. ಹೊರದೇಶದಲ್ಲಿ ನೆಲೆಸಿದ ನಮ್ಮ ಮಕ್ಕಳು ಊರಿಗೆ ಬರುವುದು ಶಾಲೆಯ ರಜೆ ನೋಡಿಕೊಂಡು: ಒಂದೋ ಡಿಸೆಂಬರ್ ಕೊನೆಯಲ್ಲಿ, ಇಲ್ಲವೆ ಜೂನ್, ಜುಲೈ ತಿಂಗಳುಗಳಲ್ಲಿ. ಒಂದು ಹೊತ್ತು ಎಲೆ ಇನ್ನೂ ಉದುರಿರುವುದಿಲ್ಲ; ಇನ್ನೊಂದು ಹೊತ್ತು ಚಿಗುರೆಲ್ಲ ಬಲಿತು ಕಡುಹಸಿರಾಗಿರುತ್ತದೆ. ತಾತನ ಊರೆಂದರೆ ವರ್ಷವೆಲ್ಲ ಒಂದೇ ಹಸಿರಿನ ಊರು ಎಂದು ಆ ಮಕ್ಕಳು ತಿಳಿಯುತ್ತಾರೆ. ನಾವು ಅಕ್ಟೋಬರಿನಲ್ಲಿ ಅವರ ಋತುವನ್ನು ನೋಡಲು ಸಮುದ್ರ ದಾಟಿ ಹೋಗುತ್ತೇವೆ. ನಮ್ಮ ಋತುವನ್ನು ಅವರಿಗೆ ತೋರಿಸುವ ಯೋಜನೆ ಮಾತ್ರ ಯಾರೂ ಹಾಕುವುದಿಲ್ಲ.

ಯೋಜನೆ ಹಾಕಿದರೆ ದಾರಿ ಇಲ್ಲದಿಲ್ಲ. ಮೊಮ್ಮಗನ ಶಾಲೆಯ ದಿನಸೂಚಿಯನ್ನು ಹುಡುಕಿಸಿ ನೋಡಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಫೆಬ್ರವರಿಯ ಮೂರನೆಯ ವಾರದ ಸುಮಾರಿಗೆ ಒಂದು ವಾರ, ಏಪ್ರಿಲ್ ನಡುವಿನಲ್ಲಿ ಮತ್ತೊಂದು ವಾರ ರಜೆಯಿದೆ. ಫೆಬ್ರವರಿಯದು ನಮ್ಮ ಬೂರುಗ ಮುತ್ತುಗಗಳ ವಾರ. ಏಪ್ರಿಲಿನದು ಚಿಗುರಿನ ಕೊನೆಯ ಪಾದ. ಮಗಳಿಗೆ ಹೇಳಿದಾಗ, ‘ಒಂದು ವಾರಕ್ಕೋಸ್ಕರ ಅಷ್ಟು ದೂರ ಬರುವುದೆ ಅಪ್ಪ? ಎರಡು ದಿನ ಪ್ರಯಾಣಕ್ಕೇ ಹೋಗುತ್ತದಲ್ಲ’ ಎಂದಳು. ‘ಎಲೆಗೂ ಅಷ್ಟೇ ದಿನ ಇರುವುದು ಕಣಮ್ಮ’ ಎಂದೆ. ಒಂದು ಗಳಿಗೆ ಸುಮ್ಮನಿದ್ದು, ಫೆಬ್ರವರಿಯ ಟಿಕೆಟ್ಟಿನ ಬೆಲೆ ವಿಚಾರಿಸುತ್ತೇನೆ ಎಂದಳು. ಬಂದರೆ ಮೊದಲ ದಿನ ಎಲ್ಲಿಗೆ ಹೋಗಬೇಕೆಂಬುದನ್ನು ಬರೆದಿಟ್ಟಿದ್ದೇನೆ. ನಿಮ್ಮಲ್ಲೂ ಅನೇಕರ ಮಕ್ಕಳು ಹೊರಗಿದ್ದಾರೆ. ಹೊರದೇಶ ಬೇಡ, ಬೆಂಗಳೂರಿನಲ್ಲೇ ಇದ್ದರೂ ಹಬ್ಬಕ್ಕೆ ಬಂದು ಮರುದಿನ ಬಸ್ಸು ಹಿಡಿಯುವವರಿದ್ದಾರೆ. ‘ಮರ ಚಿಗುರಿದೆ, ಈ ಭಾನುವಾರ ಬಾ’ ಎಂದು ಕರೆಯುವುದೂ ಒಂದು ಆಮಂತ್ರಣವೇ.

ಯಾತ್ರೆಗೆ ಹೊರಡುವವರಿಗೆ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಕಾಡಿನ ಬಣ್ಣಕ್ಕೆ ಕಾರಣವಾದ ತರಗೆಲೆಯೇ ಅದರ ಕಾಳ್ಗಿಚ್ಚಿಗೆ ಉರುವಲು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲ ಪ್ರದೇಶವೂ ಸೇರಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಆ ದಾರಿಯಲ್ಲಿ ಬೀಡಿ ಸಿಗರೇಟು ಹಚ್ಚುವುದಾಗಲಿ, ಒಲೆ ಹೂಡುವುದಾಗಲಿ ಕೂಡದು. ವಾಹನ ನಿಲ್ಲಿಸಿ ಕಾಡಿಗೆ ಇಳಿಯುವುದೂ ಬೇಡ. ಆನೆಗಳು ಆ ದಿನಗಳಲ್ಲಿ ನೀರು ಹುಡುಕಿಕೊಂಡು ತಿರುಗುತ್ತಿರುತ್ತವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ತಡೆಯಿದೆ. ಹೊತ್ತಿಗೆ ಮುಂಚೆ ಹಿಂದಿರುಗಬೇಕು. ಸರ್ಕಾರಿ ಬಸ್ಸಿನ ಕಿಟಕಿಯ ಪಕ್ಕದ ಆಸನ ಈ ಯಾತ್ರೆಗೆ ಧಾರಾಳವಾಗಿ ಸಾಕು.

ಎರಡನೆಯ ಮಾತು ಊರಿಗೆ ಸಂಬಂಧಿಸಿದ್ದು. ಫಾಲ್ಗುಣದಲ್ಲಿ ಬೀದಿಬೀದಿಗಳಲ್ಲಿ ತರಗೆಲೆಯನ್ನು ಗುಡ್ಡೆಹಾಕಿ ಬೆಂಕಿಯಿಡುತ್ತಾರೆ. ಆ ಹೊಗೆ ಮೇಲಿನ ಎಳೆಚಿಗುರಿಗೂ ತಗಲುತ್ತದೆ, ಪಕ್ಕದ ಮನೆಯ ಮುದುಕರ ಎದೆಗೂ ತಗಲುತ್ತದೆ. ತಿಪ್ಪೆಗೆ ಹೋದರೆ ಮುಂದಿನ ವರ್ಷದ ಗೊಬ್ಬರವಾಗುವ ವಸ್ತು ಅದು. ಇನ್ನು ರಸ್ತೆಗಳು ಅಗಲವಾದಂತೆಲ್ಲ ಸಾಲುಮರಗಳು ಕಡಮೆಯಾಗಿವೆ. ವೇಗವಾಗಿ ಹೋಗಲು ಅಗಲವಾದ ದಾರಿ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿಪ್ಪೆಯ ಒಂದು ಹಳೆಯ ಮರ ಹೋದರೆ ಅದರ ಜೊತೆಗೆ ಫೆಬ್ರವರಿಯ ಒಂದು ವಾರವೂ ಹೋಗುತ್ತದೆ. ಅದರ ಜಾಗದಲ್ಲಿ ಸದಾ ಹಸಿರಾಗಿರುವ, ಬೇಗ ಬೆಳೆಯುವ ಅಲಂಕಾರದ ಗಿಡವನ್ನು ನೆಟ್ಟರೆ ನೆರಳು ಬಂದೀತು, ಋತು ಬರುವುದಿಲ್ಲ.

ಈ ಸೀಮೆಯ ಜನಕ್ಕೆ ಮಾಘಮಾಸದಲ್ಲಿ ಪ್ರಯಾಣ ಹೊಸದಲ್ಲ. ನರಸೀಪುರದ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ ಮೂರು ವರ್ಷಕ್ಕೊಮ್ಮೆ ಬರುವುದು ಮಾಘದಲ್ಲೇ. 2025ರಲ್ಲಿ ಅದು ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ನದಿಗಾಗಿ ಬರುವವರು ದಂಡೆಯ ಮರವನ್ನೂ ಒಮ್ಮೆ ನೋಡಲಿ ಎಂಬುದಷ್ಟೇ ನನ್ನ ಬಿನ್ನಹ. ನಿಮ್ಮ ಬೀದಿಯ ಒಂದು ಮರವನ್ನು ಆರಿಸಿಕೊಳ್ಳಿ. ಮೊದಲ ಹಣ್ಣೆಲೆ ಕಂಡ ದಿನ, ಪೂರ್ತಿ ಬೋಳಾದ ದಿನ, ಮೊದಲ ಚಿಗುರು ಕಂಡ ದಿನ, ಈ ಮೂರನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡಿ. ನಾಲ್ಕೈದು ವರ್ಷ ಬರೆದರೆ ಮುಂದಿನ ಯಾತ್ರೆಯ ದಿನವನ್ನು ನೀವೇ ಹೇಳಬಲ್ಲಿರಿ. ನಿಮ್ಮ ಮೊಮ್ಮಕ್ಕಳ ಕೈಗೆ ಆ ಪಂಚಾಂಗ ಸಿಕ್ಕಿದರೆ ಅದಕ್ಕಿಂತ ದೊಡ್ಡ ಆಸ್ತಿ ಬೇಡ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸ್ಥಳದ ಜನ ಹೇಳುತ್ತಾರೆ. ವರ್ಮಾಂಟಿನ ಬೆಟ್ಟಗಳಿಗಿಂತ ನಮ್ಮ ಕಪಿಲೆಯ ದಂಡೆ ಅಷ್ಟು ಹೆಚ್ಚೆಂದು ವಾದಿಸುವ ಹಟ ನನಗಿಲ್ಲ. ಆ ತಕ್ಕಡಿಯನ್ನು ಹಿಡಿಯುವವರು ಎರಡು ತಟ್ಟೆಯಲ್ಲಿರುವುದನ್ನೂ ನೋಡಿರಬೇಕು. ಒಂದನ್ನು ನಮ್ಮಲ್ಲಿ ಬಹಳ ಮಂದಿ ನೋಡಿ ಬಂದಿದ್ದಾರೆ. ಇನ್ನೊಂದು ಬರುವ ಮಾಘದಲ್ಲಿ ನಿಮ್ಮ ಬಾಗಿಲ ಮುಂದೆಯೇ ಉದುರಲಿದೆ.